ಕದಿರಪ್ಪನ ಉಡುದಾರ

ಮಾಗಿಯ ಚಳಿಗಾಲ, ಅವರೆಕಾಯಿ ಗಾಡಿಗಳು ಬೀದಿಗೆ ಬರುವ ದಿನಗಳು. ಬುಧವಾರ, ಬೆಳಗ್ಗೆ ಹಾಲು ಕರೆದು ಮುಗಿಯುವ ಹೊತ್ತು. ಉರಿಗಾಂನ ತನ್ನ ಮನೆಯ ಬಚ್ಚಲಲ್ಲಿ ನಿಂತು ಕದಿರಪ್ಪ ಸೊಂಟದ ಬೆಳ್ಳಿ ಉಡುದಾರವನ್ನು ಎರಡು ಕೈಯಲ್ಲೂ ಹಿಡಿದು ಮೇಲಕ್ಕೆ ಎಳೆದ. ಬರಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದ. ಹೊಟ್ಟೆ ಮೇಲಕ್ಕೆ ಬಂತು, ಉಡುದಾರ ಬರಲಿಲ್ಲ.

ಅವತ್ತು ಬಂಗಾರಪೇಟೆಯಲ್ಲಿ, ಮಗಳು ನವ್ಯಳ ಗಂಡನ ಮನೆಯಲ್ಲಿ ಮೊಮ್ಮಗನ ನಾಮಕರಣ. ಮಗುವಿನ ಸೊಂಟಕ್ಕೆ ಬೆಳ್ಳಿ ಉಡುದಾರ ಹಾಕುವುದು ತಾಯಿಯ ಕಡೆಯ ತಾತನ ಪಾಲಿನ ಶಾಸ್ತ್ರ. ಅಂಗಡಿಯಿಂದ ಹೊಸದೊಂದು ತಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಿಂದಿನ ತಿಂಗಳು ಬೀಗ ಮುನಿಸ್ವಾಮಪ್ಪ ಎದುರಿಗೆ ಕೂತು, ದಿನಾ ವಾಕಿಂಗ್ ಮಾಡಿ ತನ್ನ ಮೈ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸಿದಾಗ ಕದಿರಪ್ಪನಿಗೆ ತಡೆಯಲಾಗಿರಲಿಲ್ಲ.

"ನಾನು ವಾಕಿಂಗೂ ಓಗಲ್ಲ, ಏನೂ ಇಲ್ಲ. ಮದುವೇಲಿ ಅರವತ್ತೆಂಟು ಕೇಜಿ ಇದ್ದೆ, ಇವತ್ತೂ ಅರವತ್ತೆಂಟೇ. ಧಾರೆ ದಿನ ನಮ್ಮಾವ ಆಕಿದ ಉಡುದಾರ ಇನ್ನೂ ಸೊಂಟದಾಗೇ ಐತೆ. ಅದನ್ನೇ ಬಿಚ್ಚಿ ಮೊಮ್ಮಗನಿಗೆ ಆಕ್ತೀನಿ, ನೋಡ್ತಿರಿ ಬೀಗ್ರೆ!"

"ಬರದೇ ಓದ್ರೆ ಏಳಿ. ನಾನೇ ಒಂದು ಆಕ್ತೀನಿ," ಎಂದು ಬೀಗ ನಕ್ಕಿದ್ದ. ಆ ನಗು ಕದಿರಪ್ಪನ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನ ಹಾಗೆ ಅಲ್ಲೇ ಇತ್ತು.

ತೂಕದ ಮಾತೇನೂ ಸುಳ್ಳಲ್ಲ. ಕೇಜಿ ಅಷ್ಟೇ ಇದ್ದವು, ಮನೆ ಬದಲಾಯಿಸಿದ್ದವು. ಚಿನ್ನದ ಗಣಿಯೊಳಗೆ ಮರದ ದಿಮ್ಮಿ ಹೊರುತ್ತಿದ್ದ ಕಾಲಕ್ಕೆ ಹೆಗಲಲ್ಲಿ, ತೋಳಲ್ಲಿ, ತೊಡೆಯಲ್ಲಿ ಬಾಡಿಗೆಗಿದ್ದ ಮಾಂಸವೆಲ್ಲ, ವಯಸ್ಸು ಅರವತ್ತು ದಾಟುವಷ್ಟರಲ್ಲಿ ಗಂಟುಮೂಟೆ ಕಟ್ಟಿ ಖಾಲಿ ಮಾಡಿ ಹೋಗಿತ್ತು. ಅದರ ಬದಲಿಗೆ ಕೊಬ್ಬು ಬಂದು ಸಂಸಾರ ಸಮೇತ ಹೊಟ್ಟೆಯಲ್ಲಿ ಬಿಡಾರ ಹೂಡಿತ್ತು. ಮುಂದಿನಿಂದ ನೋಡಿದರೆ ಬೂಸಾ ಮೂಟೆ, ಹಿಂದಿನಿಂದ ನೋಡಿದರೆ ಬರೀ ಗೋಡೆ. ಹೊಟ್ಟೆಯ ಕೆಳಗೆ, ಕದಿರಪ್ಪನ ಕಣ್ಣಿಗೇ ಬೀಳದ ಜಾಗದಲ್ಲಿ, ಉಡುದಾರ ವರ್ಷಗಟ್ಟಲೆ ಕಾಲ ಹಾಕುತ್ತಿತ್ತು. ಅದರ ಕೊಂಡಿಯ ತಿರುಪು ಕೊಳೆ ಕಟ್ಟಿ ಕಚ್ಚಿಕೊಂಡು ಯಾವ ಕಾಲವಾಗಿತ್ತೋ.

ಹೆಂಡತಿ ಶಶಿರೇಖ ಮಗಳ ಜೊತೆ ಮೊದಲೇ ಬಂಗಾರಪೇಟೆಗೆ ಹೋಗಿದ್ದಳು. ಕದಿರಪ್ಪ ಮೂರನೇ ಸಲ ಎಳೆದು ಹಾಕಿದ ಕೂಗಿಗೆ ಪಕ್ಕದ ಮನೆಯ ಸೆಲ್ವಿ ಓಡಿ ಬಂದು ಬಚ್ಚಲ ಬಾಗಿಲ ಆಚೆ ನಿಂತಳು.

"ಐಯ್ಯಯ್ಯೋ ಅಣ್ಣಾ, ಬಿದ್ರಾ?"

"ಬಿದ್ದಿಲ್ಲಮ್ಮ. ಉಡುದಾರ ಬತ್ತಿಲ್ಲ."

"ಅಷ್ಟೇನಾ? ಇರಿ, ನಲ್ಲೆಣ್ಣೆ ತರ್ತೀನಿ. ಚಲಪತಿ ಅಣ್ಣನ್ನೂ ಕರೀತೀನಿ!"

ಅವಳ ನಲ್ಲೆಣ್ಣೆ ಎಂದರೆ ನಮ್ಮ ಎಳ್ಳೆಣ್ಣೆ. ಬಾಗಿಲ ಸಂದಿಯಿಂದ ಒಂದು ಚೊಂಬು ಬಂತು. ಹಿಂದೆಯೇ ಟೈರ್ ಪಂಚರ್ ಹಾಕುವ ಚಲಪತಿ, ಟೈರ್ ಬಿಚ್ಚುವ ಎರಡು ಕಬ್ಬಿಣದ ಪಟ್ಟಿ ಹಿಡಿದುಕೊಂಡು ಒಳಗೆ ಬಂದ.

"ಇದು ರಿಮ್ಮಿಂದ ಟೈರು ಎಬ್ಬಿಸಿದಂಗೆ, ಅಷ್ಟೇ. ಕೊಂಚೆಂ ಗಾಳಿ ಬಿಡಣ್ಣಾ."

"ಎಲ್ಲಿಂದ ಬಿಡ್ಲೋ?"

"ಬಾಯಿಂದ ಬಿಡು ಸಾಕು."

ಕದಿರಪ್ಪ ಗಾಳಿ ಬಿಟ್ಟ. ಚಲಪತಿ ಎಣ್ಣೆ ಸುರಿದು, ಪಟ್ಟಿ ತೂರಿಸಿ ಮೀಟಿದ. ಹೊಟ್ಟೆ ಒಂದು ಕಡೆ ಇಳಿದರೆ ಇನ್ನೊಂದು ಕಡೆ ಉಬ್ಬಿತು. ಇಷ್ಟರಲ್ಲಿ ಸಾಲುಮನೆಯ ಜನವೆಲ್ಲ ಹೊರಗೆ ಸೇರಿ ತಲೆಗೊಂದು ಸಲಹೆ ಕೊಡತೊಡಗಿದರು. ಬಟ್ಟೆ ಸೋಪು ಹಚ್ಚಿ ಎಂದು ಒಬ್ಬರು. ತಲೆಕೆಳಗು ಮಾಡಿ ನಿಲ್ಲಿಸಿ ಎಂದು ಇನ್ನೊಬ್ಬರು.

"ಅಣ್ಣಾ, ಕೈ ಎರಡೂ ಮೇಲೆತ್ತಿ ಕುಣೀರಿ! ನಮ್ಮ ಮಾವಂಗೆ ಅಂಗೇ ಬಂದಿದ್ದು!" ಸೆಲ್ವಿ ಕೂಗಿದಳು.

ಕದಿರಪ್ಪ ಕುಣಿದ. ಬಚ್ಚಲ ಹಂಡೆ ಉರುಳಿತೇ ಹೊರತು ಬೇರೇನೂ ಆಗಲಿಲ್ಲ.

ಚಲಪತಿ ಬೆವರು ಒರೆಸಿಕೊಂಡು, "ಮೇಲಕ್ಕೆ ಆಗಲ್ಲ ಅಂದ್ರೆ ಕೆಳಕ್ಕೆ ಬುಡಾನೇನಣ್ಣಾ?" ಎಂದ.

ಕದಿರಪ್ಪನಿಗೆ ರೇಗಿತು. "ಕೆಳಕ್ಕಾ? ಈ ತೊಡೆ ದಾಟಿ? ಲೇ ಚಲಪತಿ, ಈ ತೊಡೆ ನೋಡಿ ಆಂಡರ್ಸನ್‌ಪೇಟೆ ದರ್ಜಿ ಎರಡು ಪ್ಯಾಂಟಿನ ಬಟ್ಟೆ ಕೇಳ್ತಿದ್ದ ಕಣ್ಲಾ! ದಿಮ್ಮಿ ಒತ್ತ ತೊಡೆ ಇದು!" ಎಂದು ಚಟ್ಟೆಂದು ಬಾರಿಸಿಕೊಂಡ.

ಚಲಪತಿ ತೊಡೆ ನೋಡಿದ. ಕೊಕ್ಕರೆಗೆ ಪಂಚೆ ಉಡಿಸಿದರೆ ಹೇಗೋ ಹಾಗಿತ್ತು. ವಯಸ್ಸಾದವರ ಬಾಯಿಗೆ ಬಾಯಿ ಕೊಡುವುದೇಕೆ ಎಂದು ಪಟ್ಟಿ ಎತ್ತಿಕೊಂಡ.

ಅಷ್ಟರಲ್ಲಿ ರೈಲಿನ ಕೂಗು ಕೇಳಿತು. ಇನ್ನು ಉಳಿದದ್ದು ಒಂದೇ ದಾರಿ. ಬಂಗಾರಪೇಟೆ ಬಜಾರಿನಲ್ಲಿ ಯಾರಿಗೂ ತಿಳಿಯದ ಹಾಗೆ ಬೆಳ್ಳಿ ಕೆಲಸದ ಆಚಾರಿಯ ಕೈಲಿ ಅದನ್ನು ಕತ್ತರಿಸಿಕೊಂಡು, "ಸಲೀಸಾಗಿ ಬಂತು" ಎಂದುಬಿಡುವುದು. ಕದಿರಪ್ಪ ರೇಷ್ಮೆ ಪಂಚೆ ಸುತ್ತಿ, ಬೆಲ್ಟು ಬಿಗಿದು, ಹಾಗೇ ಓಡಿದ.

ರೈಲಿನಲ್ಲಿ ಜಾಗ ಸಿಕ್ಕಿತು, ಕೂರಲಾಗಲಿಲ್ಲ. ಕೂತ ಕೂಡಲೇ ಎಣ್ಣೆಯ ಮೈ ಜಾರಿ ಪಕ್ಕದವರ ಮಡಿಲಿಗೆ ಹೋಗುತ್ತಿತ್ತು. "ಯಾರೋ ಕಜ್ಜಾಯ ತಂದವ್ರೆ," ಎಂದು ಒಬ್ಬ ಹೆಂಗಸು ಮೂಗರಳಿಸಿ ಸುತ್ತಲೂ ಹುಡುಕಿದಳು. ಕದಿರಪ್ಪ ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತ.

ಬಂಗಾರಪೇಟೆಯಲ್ಲಿ ಇಳಿದರೆ ದೂರದಲ್ಲಿ ಬೀಗ ಮುನಿಸ್ವಾಮಪ್ಪ! ಕರೆದುಕೊಂಡು ಹೋಗಲು ತಾನೇ ಬಂದಿದ್ದ. ಈಗ ಅವನ ಕೈಗೆ ಸಿಕ್ಕರೆ ಆಚಾರಿಯ ಅಂಗಡಿಗೆ ಹೋಗುವುದು ಹೇಗೆ? ಕದಿರಪ್ಪ ತಲೆ ತಗ್ಗಿಸಿ, ಜನರ ನಡುವೆ ನುಗ್ಗಿ, ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಇಳಿದು ಓಡಿದ. ಕಾಲ ಮೇಲೆ ತಣ್ಣಗೆ ಏನೋ ಹರಿದಂತಾಯಿತು. ಎಣ್ಣೆ ಇಳಿಯುತ್ತಿದೆ ಎಂದುಕೊಂಡ.

ಆಚಾರಿ ಕತ್ತರಿ ತೆಗೆದುಕೊಂಡು ಬಗ್ಗಿದ.

"ಎಲ್ಲೈತೆ ಯಜಮಾನ್ರೆ?"

"ಒಟ್ಟೆ ಕೆಳಗೆ ನೋಡಪ್ಪ."

"ನೋಡ್ದೆ. ಇಲ್ಲ."

"ಇನ್ನೂ ಕೆಳಗೆ ನೋಡು."

"ಇನ್ನೂ ಕೆಳಗೆ ಚಪ್ಪಲಿ ಐತೆ."

ಕದಿರಪ್ಪ ಸೊಂಟ ಮುಟ್ಟಿಕೊಂಡ. ಮುಂದೆ ಇಲ್ಲ. ಹಿಂದೆಯೂ ಇಲ್ಲ. ಊರೆಲ್ಲ ಸೇರಿ ಮೇಲಕ್ಕೆ ಎಳೆದರೂ ಬಾರದ ಉಡುದಾರ, ಯಾರೂ ಎಳೆಯದೆ ಕೆಳಗೆ ಇಳಿದು ಹೋಗಿತ್ತು. ಎರಡು ಪ್ಯಾಂಟಿನ ಬಟ್ಟೆ ಕೇಳುತ್ತಿದ್ದ ತೊಡೆಗಳು ಅದನ್ನು ಒಂದು ಕ್ಷಣವೂ ತಡೆದಿರಲಿಲ್ಲ. ಬಂದ ದಾರಿಯಲ್ಲೇ ವಾಪಸು ಓಡಿ ಮೆಟ್ಟಿಲು ಮೆಟ್ಟಿಲೂ ಹುಡುಕಿದ. ಸಿಕ್ಕಿದ್ದು ಕಡಲೆಕಾಯಿ ಸಿಪ್ಪೆ.

ಬರಿಗೈಯಲ್ಲಿ ಬೀಗರ ಮನೆ ತಲುಪುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು. ಜನ ತುಂಬಿದ ನಡುಮನೆಯಲ್ಲಿ ಮುನಿಸ್ವಾಮಪ್ಪ ನಿಂತು ಜೇಬಿನಿಂದ ಏನೋ ತೆಗೆದು ಮೇಲೆತ್ತಿ ತೋರಿಸಿದ.

"ಬೀಗ್ರನ್ನ ಕರ್ಕೊಂಡ್ ಬರಾಣ ಅಂತ ಟೇಸನ್ನಿಗೆ ಓದ್ರೆ ಬೀಗ್ರು ಸಿಗಲಿಲ್ಲ, ಇದು ಸಿಕ್ತು! ಮೇಲ್ಸೇತುವೆ ಮೆಟ್ಟಿಲ ಮೇಲಿತ್ತು. ಅಲ್ಲಿದ್ದೋರ್ನೆಲ್ಲ ಕೇಳ್ದೆ, ಯಾರೂ ನಮ್ದಲ್ಲ ಅಂದ್ರು. ಅಳತೆ ನೋಡಿದ್ರೆ ಯಾವುದೋ ಎಮ್ಮೆ ಕರ ಕಳಕೊಂಡಿರಬೇಕು."

ಕದಿರಪ್ಪನಿಗೆ ಹೋದ ಜೀವ ಬಂತು. 'ನಂದು!' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬೀಗನ ತಾಯಿ ದೊಡ್ಡಮುನಿಯಮ್ಮ ಆ ಬೆಳ್ಳಿ ಸರವನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಕರದ್ದಲ್ಲ ಕಣ್ಲಾ, ಗಂಡಸಿನ ಉಡುದಾರ ಇದು. ಯಾವನೋ ಮುದುಕಂದು."

"ಮುದುಕಂದೇ ಅಂತ ಎಂಗಮ್ಮ ಏಳ್ತೀಯಾ?"

"ವಯಸ್ಸಿನೋನ ಸೊಂಟದಾಗೆ ಇದ್ದಿದ್ರೆ ಬೀಳ್ತಿತ್ತಾ? ಗಂಡಸಿಗೆ ವಯಸ್ಸಾದ್ರೆ ಇಂದಿದ್ದದ್ದೆಲ್ಲ ಮುಂದಕ್ಕೆ ಬತ್ತದೆ. ಒಟ್ಟೆ ಕುಂಬಳಕಾಯಿ, ಕಾಲು ನುಗ್ಗೇಕಾಯಿ. ಇಂದುಗಡೆ ತಟ್ಟೆ ಮಡಗಿದ್ರೆ ನೆಟ್ಟಗೆ ನಿಲ್ತದೆ. ನಿಮ್ಮಪ್ಪಂದೂ ಇಂಗೇ ಜಾರಿ ಬಾವಿಗೆ ಬೀಳ್ಳಿಲ್ವಾ? ಪಾಪ, ಈ ನುಗ್ಗೇಕಾಯಿ ಯಾವೂರಿಂದೋ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮುನಿಸ್ವಾಮಪ್ಪ ತೊಡೆ ತಟ್ಟಿ ನಕ್ಕ. ತೆರೆದ ಬಾಯಿಯನ್ನು ಏನಾದರೂ ಮಾಡಬೇಕಲ್ಲ, ಕದಿರಪ್ಪನೂ ನಕ್ಕ.

"ಇದು ಯಾರದಾನ ಐತೇನ್ರಪ್ಪಾ?" ಬೀಗ ಕೊನೆಯ ಸಲ ಕೇಳಿದ.

ನನ್ನದೆಂದರೆ ತಾನೇ ನುಗ್ಗೇಕಾಯಿ. ಅಲ್ಲವೆಂದರೆ ತಾತನ ಶಾಸ್ತ್ರ ಬೀಗನ ಪಾಲು. ಕದಿರಪ್ಪ ಸೂರು ನೋಡಿದ.

"ಮಗೀಗೆ ಎಸರಿಟ್ಟ ದಿನ ದೇವ್ರು ಕೊಟ್ಟ ಬೆಳ್ಳಿ, ನೀನೇ ಆಕು," ಎಂದಳು ಮುದುಕಿ. ಮುನಿಸ್ವಾಮಪ್ಪ ಅದನ್ನು ಮಗುವಿನ ಸೊಂಟಕ್ಕೆ ಮೂರು ಸುತ್ತು ಸುತ್ತಿದ. ಎಲ್ಲರೂ ಅವನಿಗೆ ಭೇಷ್ ಎಂದರು.

ಶಶಿರೇಖ ಗಂಡನ ಪಕ್ಕಕ್ಕೆ ಸರಿದು, "ರೀ, ಅದು ನಿಮ್ದಲ್ವಾ?" ಎಂದಳು.

"ಸುಮ್ಕಿರೇ."

"ಜಾರ್ತಾ?"

ಕದಿರಪ್ಪ ಮತ್ತೆ ಸೂರು ನೋಡಿದ. ಶಶಿರೇಖ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು. ಅವಳ ಬೆನ್ನು ಕುಲುಕಾಡುತ್ತಿತ್ತು.

"ಈಗ ನಿಮ್ದು ಕೊಡಿ ಬೀಗ್ರೆ, ನಿಮ್ಮಾವ ಆಕಿದ್ದು," ಎಂದು ಮುನಿಸ್ವಾಮಪ್ಪ ಕೈ ಚಾಚಿದ.

ಇಡೀ ಮನೆ ಕದಿರಪ್ಪನ ಕಡೆ ತಿರುಗಿತು. ಅವನು ಪಂಚೆ ಬಿಗಿಮಾಡಿಕೊಂಡ. "ಬರ್ಲಿಲ್ಲ ಬೀಗ್ರೆ. ಬೆಳಗ್ಗಿಂದ ಎಳೆದೂ ಎಳೆದೂ ಸಾಕಾಯ್ತು. ಈ ತೊಡೆ ದಾಟ್ತಾನೇ ಇಲ್ಲ."

ದೊಡ್ಡಮುನಿಯಮ್ಮ ಮೆಚ್ಚಿ ತಲೆದೂಗಿದಳು. "ನೋಡ್ರಲಾ, ಗಂಡಸು ಅಂದ್ರೆ ಇಂಗಿರಬೇಕು!"

ಅದೊಂದು ಗಳಿಗೆ ಕದಿರಪ್ಪನ ಎದೆ ಹೊಟ್ಟೆಗಿಂತ ಮುಂದೆ ಬಂತು.

"ಮುನಿಸ್ವಾಮೀ, ಇವ್ರನ್ನ ಒಳಕ್ಕೆ ಕರ್ಕೊಂಡೋಗಿ ಪಂಚೆ ಬಿಚ್ಚಿಸು. ಅತ್ತು ಜನ ಗಂಡಸ್ರು ಅವ್ರೆ, ಎಲ್ಲ ಸೇರಿ ಇಡಕೊಂಡು ಕೆಳಕ್ಕೆ ಎಳೀರಿ. ತಾತನ ಉಡುದಾರ ಇಲ್ದೆ ಶಾಸ್ತ್ರ ಮುಗೀಬಾರ್ದು!" ಎಂದಳು ಮುದುಕಿ.

ಗಂಡಸರು ತೋಳು ಮಡಚಿಕೊಂಡು ಎದ್ದರು. ಕೈಕಾಲು ತೊಳೆದು ಬರುತ್ತೇನೆಂದು ಕದಿರಪ್ಪ ಹಿತ್ತಲಿಗೆ ಹೋದ.

ಒಬ್ಬಟ್ಟು, ಅವರೆಕಾಳು ಸಾರು ಯಾವುದನ್ನೂ ಮುಟ್ಟದೆ ಕದಿರಪ್ಪ ಆ ಬುಧವಾರವೇ ಮಧ್ಯಾಹ್ನದ ಗಾಡಿಗೆ ಹೊರಟುಹೋದ. ಶಶಿರೇಖ ಹೊರಟದ್ದು ಭಾನುವಾರ. ಅಲ್ಲಿಯವರೆಗೆ ಅವಳಿಗೆ ನಗು ನಿಂತಿರಲಿಲ್ಲ.