ಅಳಿಯದ ಒಂದು

ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಮನೆಮನೆಗೆ ಹೋಗಿ ಕುಡಿಯುವ ನೀರಿನ ಫಿಲ್ಟರ್ ಬದಲಿಸುವ ಹನ್ನೆರಡು ಜನರಿಗೆ ಕಚೇರಿಯೆಂದರೆ ಮೊಬೈಲಿನ ಒಂದು ಗುಂಪು. ಅದರಲ್ಲಿ ಯಾರೂ ಉತ್ತರ ಬರೆಯುವಂತಿಲ್ಲ. ಸೂಚನೆಯನ್ನು ಎಷ್ಟು ಜನ ಇನ್ನೂ ತೆರೆದಿಲ್ಲ ಎಂಬ ಅಂಕಿ ಪಕ್ಕದಲ್ಲೇ ಕಾಣುತ್ತದೆ, ಯಾರು ಎಂಬುದು ಮಾತ್ರ ಕಾಣುವುದಿಲ್ಲ. ಅದು ಅಳಿದರೆ ಮೇಲ್ವಿಚಾರಕಿ ಬೊಂಗ್ ಮೇಡಂಗೆ ನೆಮ್ಮದಿ. ಆ ಶುಕ್ರವಾರ ಹನ್ನೊಂದು ಗಂಟೆಯಾದರೂ ಒಂದು ಎಂಬ ಅಂಕಿ ಗೂಟ ಹೊಡೆದುಕೊಂಡು ಕೂತಿತ್ತು.

"ಈ ಒಂದು ಹೋಗೋವರೆಗೂ ನಾಳೆ ಯಾರಿಗೂ ರಜೆ ಇಲ್ಲ!" ಎಂದು ಮೇಡಂ ಫೋನಿನಲ್ಲಿ ಗುಡುಗಿದರು.

ಹನ್ನೆರಡು ಜನರಲ್ಲಿ ಒಬ್ಬನಾದ ಪ್ಯೋ ದೊಕ್‌ಮನ್‌ಗೆ ಆ ರಜೆ ಬೇಕೇ ಬೇಕಿತ್ತು. ನಾಳೆ ಅವನ ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬ. ಮೊದಲು ಅಡ್ಡಬೀಳಬೇಕಾದವನು ಹಿರಿಮಗನಾದ ಅವನೇ. ತಪ್ಪಿಸಿಕೊಂಡರೆ ನೆಂಟರು ಇನ್ನೂ ಎಪ್ಪತ್ತು ವರ್ಷ ಆಡಿಕೊಳ್ಳುತ್ತಾರೆ.

ಹೋದ ತಿಂಗಳು ಅವನ ಫೋನು ಗಿರಾಕಿಯೊಬ್ಬರ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಗೆ ಬಿದ್ದು ಎರಡು ದಿನ ಸತ್ತಿದ್ದರಿಂದ ಎಲ್ಲರ ಅನುಮಾನವೂ ಅವನ ಮೇಲೆಯೇ. "ಲೋ, ಆ ಒಂದು ನೀನೇ ತಾನೇ?" ಎಂದು ಜೊತೆಗಾರ ಮೆಂಗ್ ಕರೆ ಮಾಡಿದ.

"ಎದ್ದ ತಕ್ಷಣ ನೋಡಿದೀನಿ ಕಣೋ, ನಮ್ಮಮ್ಮನಾಣೆ!" ಎನ್ನುವಷ್ಟರಲ್ಲಿ ಕೈಲಿದ್ದ ಕೊಳವೆ ಜಾರಿ ಗಿರಾಕಿಯ ಅಡುಗೆಮನೆಯೆಲ್ಲ ನೀರಾಯಿತು.

ಆ ಮನೆಯ ಅಜ್ಜಿಗೆ ಸಿಟ್ಟಿನ ಬದಲು ಕನಿಕರ ಉಕ್ಕಿತು. ಸಂಗತಿಯೆಲ್ಲ ಕೇಳಿ, ಅವನ ಫೋನು ಕಿತ್ತುಕೊಂಡು ಮೇಡಂಗೇ ಕರೆ ಮಾಡಿದರು. "ಏನಮ್ಮಾ, ಪಾಪದವನನ್ನ ಹಿಂಗಾ ಗೋಳು ಹುಯ್ಕೊಳ್ಳೋದು? ಸೂಚನೆ ಓದಿದಾನಂತೆ, ಬಿಡು!"

ಪಾಪದವನಿಗೆ ಇನ್ನಷ್ಟು ಪೀಕಲಾಟವಾಯಿತು. "ಗಿರಾಕಿಗಳ ಹತ್ರ ನನ್ನ ಮೇಲೆ ದೂರು ಹೇಳ್ತೀರಾ? ಆ ಒಂದು ಯಾರು ಅಂತ ಈಗ ನೀವೇ ಹುಡುಕಿ!" ಎಂದರು ಮೇಡಂ.

ದೊಕ್‌ಮನ್ ಜೊತೆಗಾರರನ್ನು ಹುಡುಕುತ್ತ ಊರೆಲ್ಲ ಸ್ಕೂಟರ್ ಓಡಿಸಿದ. ಒಬ್ಬ, ಇವನನ್ನು ತನ್ನ ಹೆಂಡತಿಯೇ ಕಳಿಸಿದ್ದಾಳೆಂದುಕೊಂಡು ಫೋನು ಬಚ್ಚಿಟ್ಟ. ಇನ್ನೊಬ್ಬ, ಬಂದದ್ದೇ ಬಂದೆ ಎಂದು ಐದನೇ ಮಹಡಿಗೆ ಯಂತ್ರ ಹೊರಿಸಿದ. ಕೊನೆಗೆ ನಾಲ್ಕೂವರೆಗೆ ಅಂಗಡಿ ಮುಂದಿನ ಜಗಲಿಯಲ್ಲಿ ತಂಡದ ಹಿರಿಯಳು, ಕೆಲಸದ ವೇಳೆ ಯಾರ ಕರೆಯನ್ನೂ ಎತ್ತದ ಜೊಮ್‌ಸುನ್ ಸಿಕ್ಕಳು.

"ಅಕ್ಕಾ, ಬೆಳಗಿನ ಸೂಚನೆ ಓದಿದ್ರಾ?"

"ಇಲ್ಲಪ್ಪ. ಕೆಲಸದ ಮಧ್ಯೆ ಅರ್ಧಂಬರ್ಧ ಓದ್ಬಾರ್ದು ಅಂತ ತೆರೆದೇ ಇಲ್ಲ. ಬಾ, ಈಗ ಓದೋಣ" ಎಂದು ಅವಳು ಕನ್ನಡಕ ಏರಿಸಿದಳು.

ಅಂಕಿ ಅಳಿಯಿತು. ದೊಕ್‌ಮನ್‌ಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಜೊಮ್‌ಸುನ್ ಮಾತ್ರ ಸಾಲುಸಾಲಿಗೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತ ಹೋದಳು. ಕೈಗವಸಿನ ಸಾಲು ಮುಗಿಯಿತು, ಸಮವಸ್ತ್ರದ ಸಾಲೂ ಮುಗಿಯಿತು. "ಐದನೇದು. ನಾಳೆ ರಜೆ ಬೇಕಾದವರು ಇಂದು ಮೂರು ಗಂಟೆಯೊಳಗೆ ಖುದ್ದಾಗಿ ಬಂದು ಶಾಖಾಧಿಕಾರಿಗೆ ಅರ್ಜಿ ಕೊಡಬೇಕು. ಆಮೇಲೆ ಬಂದವರಿಗೆ ರಜೆ ಇಲ್ಲ." ಅವಳು ತಲೆ ಎತ್ತಿದಳು. "ನೀನು ಬೆಳಿಗ್ಗೇನೇ ಓದಿದ್ಯಲ್ಲ, ಕೊಟ್ಟು ಬಂದೆ ತಾನೇ?"

ದೊಕ್‌ಮನ್ ತನ್ನ ಫೋನು ತೆರೆದು ನೋಡಿದ; ಐದನೆಯದು ಅಲ್ಲೂ ಇತ್ತು. ಮೇಡಂಗೆ ಕರೆ ಮಾಡಿ ಐದನೆಯ ಅಂಶದ ಬಗ್ಗೆ ಕೇಳಿದ.

ಆ ಕಡೆ ಕುರ್ಚಿ ಕಿರುಗುಟ್ಟಿತು. "ಮೂರು ಗಂಟೆನಾ? ಹಂಗಂತ ಬರೆದಿತ್ತಾ? ಮೇಲಿಂದ ಬಂದಿದ್ದನ್ನ ನಾನು ಹಂಗೇ ಹಾಕ್ದೆ ಕಣ್ರೀ! ಅಯ್ಯೋ ದೇವ್ರೇ, ನನ್ನ ರಜೆ ಅರ್ಜಿನೂ ಇಲ್ಲೇ ಮೇಜಿನ ಮೇಲಿದೆಯಲ್ಲ!"