ಬಸವನಹುಳು ತಿನ್ನುವ ಮೀನು ಬೇಕಾಗಿದೆ

ಗೌರಾಬಾಯಿ: ಕೈಯಾಗ ಏನೈತ್ರಿ ಅದು?

ಶಿವಯೋಗೆಪ್ಪ: ಎಲ್ಲೆ?

ಗೌರಾಬಾಯಿ: ಬೆನ್ನ ಹಿಂದ ಮುಚ್ಚಿಟ್ಟೀರಲ್ಲ, ಅದು.

ಶಿವಯೋಗೆಪ್ಪ: ಜಾಳಿಗಿ.

ಗೌರಾಬಾಯಿ: ಯಾವ ಜಾಳಿಗಿ?

ಶಿವಯೋಗೆಪ್ಪ: ಚಾ ಸೋಸೂದು. ತೊಳದ ಇಡ್ತೇನಿ ಬಿಡು.

ಗೌರಾಬಾಯಿ: ಯಪ್ಪಾ ಶಿವನ! ಮುಂಜಾನೆ ಚಾದಾಗ ಏನೋ ಕಟಮ್ ಅಂತು. ಏಲಕ್ಕಿ ಅಂತ ತಿಳಕೊಂಡು ನುಂಗಿಬಿಟ್ನಲ್ರಿ!

ಶಿವಯೋಗೆಪ್ಪ: ಅದು ಏಲಕ್ಕೀನ ಇರಬೇಕು. ಇವತ್ತು ನಾ ಜಾಳಿಗಿ ತಗೊಂಡದ್ದು ಚಾ ಆದ ಮ್ಯಾಲ.

ಗೌರಾಬಾಯಿ: ಇವತ್ತು? ಅಂದ್ರ ನಿನ್ನೆ?

ಶಿವಯೋಗೆಪ್ಪ ಜಾಳಿಗೆಯನ್ನು ಮತ್ತೆ ಮೀನಿನ ಪೆಟ್ಟಿಗೆಯ ನೀರಿಗೆ ಅದ್ದಿ ಗಾಜಿಗೆ ಅಂಟಿದ್ದ ಇನ್ನೊಂದು ಬಸವನಹುಳುವನ್ನು ಕೆರೆದು ತೆಗೆದ.

ವಿಜಯಪುರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಬಬಲೇಶ್ವರದ ಬೀಗತಿ ಸಾವಂತ್ರವ್ವ ಈ ಮೀನಿನ ಪೆಟ್ಟಿಗೆಯನ್ನು ಕೊಟ್ಟಿದ್ದಳು. ಒಳಗೆ ಬಣ್ಣದ ಬಾಲದ ಗಪ್ಪಿ ಮೀನುಗಳು, ತನ್ನ ಮನೆಯ ಪೆಟ್ಟಿಗೆಯಿಂದಲೇ ಕಿತ್ತು ತಂದ ಹಸಿರು ಗಿಡ. ಮಗಳನ್ನು ಕೊಟ್ಟ ಮನೆಯವರು ಪ್ರೀತಿಯಿಂದ ಕೊಟ್ಟದ್ದು ಎಂದು ಗೌರಾಬಾಯಿ ಅದನ್ನು ಪಡಸಾಲೆಯಲ್ಲಿ, ಬಾಗಿಲು ದಾಟಿದೊಡನೆ ಕಣ್ಣಿಗೆ ಬೀಳುವಂತೆ ಇಡಿಸಿದ್ದಳು. ಈಗ ಅದೇ ಎಡವಟ್ಟಾಗಿತ್ತು. ಮೊದಮೊದಲು ಒಂದೆರಡು ಕಂಡ ಬಸವನಹುಳು ಈಗ ಗಾಜಿನ ತುಂಬ ಸಾಸಿವೆ ಚೆಲ್ಲಿದ ಹಾಗೆ ಹಬ್ಬಿದ್ದವು. ಮುಂದಿನ ತಿಂಗಳು ಇದೇ ಪಡಸಾಲೆಯಲ್ಲಿ ಮಗಳು ನಂದಾಳ ಕುಬಸ. ಚೊಚ್ಚಲ ಬಸುರಿ. ಬೀಗರ ಕಡೆಯ ಹೆಣ್ಣುಮಕ್ಕಳೆಲ್ಲ ಬಂದು ಕೂರುವವರು, ಅವರ ಮುಂದೆ ಸಾವಂತ್ರವ್ವ.

ಗೌರಾಬಾಯಿ: ನಾ ಕೊಟ್ಟ ಸಾಮಾನ ಹಿಂಗ ಇಟ್ಟಾರ, ನನ್ನ ಸೊಸಿಗೆ ಏನ ಸ್ವಚ್ಛತಾ ಕಲಿಸಿರತಾರ ಅಂತಾಳ್ರಿ ಆಕಿ.

ಶಿವಯೋಗೆಪ್ಪ: ಹಂಗಂದ್ರ ಒಂದ ಕೆಲಸ ಮಾಡೂಣು. ತಿಕೋಟಾದ ತ್ವಾಟದಾಗ ದ್ರಾಕ್ಷಿಗೆ ಹೊಡಿಯೂ ಎಣ್ಣಿ ಐತಿ. ಒಂದ ಹನಿ, ಒಂದ ಹನಿ ಬಿಟ್ರ...

ಗೌರಾಬಾಯಿ: ಹುಳಾನೂ ಹೋಕ್ಕಾವ, ಮೀನಾನೂ ಹೋಕ್ಕಾವ. ಕುಬಸದ ದಿನ ಬೀಗತ್ಯಾರಿಗೆ ಖಾಲಿ ನೀರ ತೋರಸ್ರಿ.

ಶಿವಯೋಗೆಪ್ಪ: ಮತ್ತ ಇವನ್ನ ತಿನ್ನೂ ಮೀನ ಇರತಾವಂತ. ಅಂಥಾದ್ದೊಂದ ತಂದ ಬಿಡೂಣು.

ಗೌರಾಬಾಯಿ: ತಿನ್ನೂದು? ನಮ್ಮ ಮನ್ಯಾಗ ತತ್ತಿ ಸುದ್ದಿ ಸೈತ ಬಂದಿಲ್ಲ. ಪಡಸಾಲ್ಯಾಗ ಕುಂತು ಮಾಂಸ ತಿನ್ನೂ ಮೀನ ಇಡ್ತೀರಿ? ಅದೂ ಏನನ್ನ? ಬಸವನ ಹುಳಾನ! ಬಸವಣ್ಣನ ಹೆಸರ ಇಟಗೊಂಡದ್ರಿ ಅದು.

ಶಿವಯೋಗೆಪ್ಪ: ಹೆಸರಷ್ಟ ಬಸವಂದು. ಕಾಯಕ ಏನ ಮಾಡತೈತಿ ಹೇಳು? ಮುಂಜಾನಿಂದ ಸಂಜೀತನ ತಿಂತೈತಿ, ಮರಿ ಹಾಕತೈತಿ.

ಈ ಮಾತಿಗೆ ಗೌರಾಬಾಯಿಗೆ ನಗು ಬಂತು. ನಕ್ಕರೆ ಸೋತಂತಾಗುತ್ತದೆಂದು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡೇ ಹೊರಗೆ ಬಂದಳು.

ಗೌರಾಬಾಯಿ: ನಡೀರಿ. ನಾನೂ ಬರ್ತೇನಿ. ನಿಮ್ಮನ್ನೊಬ್ರನ್ನ ಕಳಿಸಿದ್ರ ಮೊಸಳಿ ತರ್ತೀರಿ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಸುರೈಯಾಳ ಮೀನಿನಂಗಡಿ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಎಲ್ಲದರಲ್ಲೂ ಗಾಳಿಯ ಪಂಪು ಬುಳುಬುಳು ಅನ್ನುತ್ತಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ಕೇಳಿಸುವ ಜಾಗ. ಗಂಡನಿಗಿಂತ ಮೊದಲು ಗೌರಾಬಾಯಿಯೇ ಬಾಯಿ ತೆರೆದಳು.

ಗೌರಾಬಾಯಿ: ನೋಡವಾ, ಹುಳಾ ತಿನ್ನೂ ಮೀನ ಬೇಕು. ಆದ್ರ ಶಾಕಾಹಾರಿ ಇರಬೇಕು.

ಸುರೈಯಾ: ಕಾಕೂ, ಹುಳಾ ತಿಂದ ಮ್ಯಾಲ ಶಾಕಾಹಾರಿ ಹ್ಯಾಂಗ ಆಗತೈತ್ರಿ?

ಗೌರಾಬಾಯಿ: ಅದನ್ನ ನೀ ಹೇಳಬೇಕು. ಅಂಗಡಿ ನಿಂದು.

ಸುರೈಯಾ: ಬರೇ ಸೊಪ್ಪು ತಿನ್ನೂ ಮೀನ ಅದಾವ್ರಿ. ಅವು ಹುಳಾ ಬಿಟ್ಟು ನಿಮ್ಮ ಗಿಡಾನ ತಿಂತಾವು.

ಗೌರಾಬಾಯಿ: ಗಿಡ ಬ್ಯಾಡವಾ! ಅದು ಬೀಗತಿ ಕೊಟ್ಟದ್ದು.

ಸುರೈಯಾ: ಹೌದೇನ್ರಿ? ಹುಳದ ತತ್ತಿ ಅಂಥಾ ಗಿಡದ ಬೆನ್ನ ಹತ್ತೇ ಬರತಾವ್ರಿ.

ಶಿವಯೋಗೆಪ್ಪ: ಕೇಳಿದೇನ ಗೌರಾ? ತತ್ತಿ ಸುದ್ದಿ ಸೈತ ಇಲ್ಲ ಅಂದಿ. ಬೀಗತಿ ನಿನ್ನ ಪಡಸಾಲಿಗೇ ತತ್ತಿ ಕಳಿಸ್ಯಾಳ.

ಗೌರಾಬಾಯಿ ಗಂಡನನ್ನು ದುರುಗುಟ್ಟಿ ನೋಡಿದಳು. ಸುರೈಯಾ ನಗು ನುಂಗಿಕೊಂಡು ಮೂಲೆಯ ಪೆಟ್ಟಿಗೆಯತ್ತ ಬೆರಳು ಮಾಡಿದಳು. ಅಲ್ಲಿ ಬಟಾಣಿ ಕಾಳಿನಷ್ಟು ಮೀನೊಂದು ಗುಂಡು ಕಣ್ಣು ತಿರುಗಿಸುತ್ತಿತ್ತು.

ಸುರೈಯಾ: ಇದು ನೋಡ್ರಿ, ಪಫರ್. ಹುಳಾ ಅಂದ್ರ ಜೀವಾ ಬಿಡತೈತಿ.

ಶಿವಯೋಗೆಪ್ಪ: ಪಾಪರ್?

ಸುರೈಯಾ: ಪಫರ್, ಕಾಕಾ.

ಶಿವಯೋಗೆಪ್ಪ: ನಡಿ ಗೌರಾ. ಒಣದ್ರಾಕ್ಷಿ ಮಣೂಕದ ವ್ಯಾಪಾರಸ್ಥನ ಮನ್ಯಾಗ ಪಾಪರ್ ಅನ್ನೂ ಮೀನ ಇಟ್ರ, ನಾಳೆ ಅಡತಿ ಅಂಗಡ್ಯಾಗ ಯಾರ ನಂಬ್ತಾರ ನನ್ನ?

ಸುರೈಯಾ: ಅಯ್ಯ, ದಿವಾಳಿ ತಗಿಯೂ ಪಾಪರ್ ಅಲ್ರಿ! ಅದರ ಹೆಸರ ಹಂಗ. ಆದ್ರ ನಾ ಮೊದಲ ಹೇಳ್ತೇನಿ, ಇದು ಭಾಳ ಜಗಳಗಂಟ. ಗಪ್ಪಿ ಬಾಲಾ ಕಡೀತೈತಿ.

ಗೌರಾಬಾಯಿ: ಬ್ಯಾಡ, ಬ್ಯಾಡ. ಬಾಲಿಲ್ಲದ ಗಪ್ಪಿ ತೋರಸಿದ್ರ ಬೀಗತ್ಯಾರ ನಮ್ಮ ಮೂಗ ಕೊಯ್ತಾರ. ಆ ಪಟ್ಟಿ ಪಟ್ಟಿದ್ದು ಯಾವದವಾ? ಹುಲಿ ಹಂಗ ಐತಿ.

ಸುರೈಯಾ: ಕ್ಲೌನ್ ಲೋಚ್ ಅಂತಾರ್ರಿ. ಹುಳಾ ತಿನ್ನೂದ್ರಾಗ ಎತ್ತಿದ ಕೈ.

ಗೌರಾಬಾಯಿ: ಲಂಚ? ಮೀನಿಗೆ ಯಾಕ ಲಂಚ ಕೊಡಬೇಕು?

ಸುರೈಯಾ: ಲಂಚ ಅಲ್ರೀ, ಲೋಚ್! ಈಗ ಬೆರಳಷ್ಟ ಐತಿ. ಬೆಳೀತ ಬೆಳೀತ ಮೊಳದುದ್ದ ಆಗತೈತಿ. ಒಂದ ಇರಾಂಗಿಲ್ಲ, ಗುಂಪಾಗೇ ಇರಬೇಕು.

ಶಿವಯೋಗೆಪ್ಪ: ಚಲೋ ಆತು. ಮೀನಿಗೆ ಸ್ನಾನದ ನೀರಿನ ಹೌದ ಬಿಟ್ಟಕೊಟ್ಟು ನಾವು ಗಾಜಿನ ಪೆಟ್ಟಿಗ್ಯಾಗ ಜಳಕಾ ಮಾಡೂಣು.

ಗೌರಾಬಾಯಿ: ಸಣ್ಣದಾಗೇ ಇರೂದು, ಸಮಾಧಾನದ್ದು, ಮಂದೀ ಬಾಲಕ್ಕ ಕೈ ಹಾಕದ್ದು ಒಂದೂ ಇಲ್ಲೇನವಾ?

ಶಿವಯೋಗೆಪ್ಪ: ನಂದಾಗ ಗಂಡ ನೋಡೂ ಮುಂದ ಇಷ್ಟ ಕೇಳಲಿಲ್ಲ ನೀನು.

ಗೌರಾಬಾಯಿ: ಅವರ ನಮ್ಮ ಮನ್ಯಾಗ ಇರೂದಿದ್ದಿಲ್ಲಲ್ರಿ.

ಸುರೈಯಾ ಬಲೆ ಹಾಕಿ ಇನ್ನೊಂದು ಪೆಟ್ಟಿಗೆಯಿಂದ ತೆಳ್ಳಗಿನ ಬೂದು ಮೀನುಗಳನ್ನು ಹಿಡಿದು ಚೀಲದ ನೀರಿಗೆ ಬಿಟ್ಟಳು. ಮೈಮೇಲೆ ಕಪ್ಪು ಗೆರೆ ಎಳೆದಂತಿದ್ದವು. ಮೂತಿಯ ಕೆಳಗೆ ಪುಟ್ಟ ಮೀಸೆ.

ಸುರೈಯಾ: ಯೋಯೋ ಲೋಚ್. ಮೈಮ್ಯಾಲಿನ ಗೆರಿ ಇಂಗ್ಲಿಷ್ ಅಕ್ಷರದಂಗ ಕಾಣತಾವ, ವೈ, ಓ ಅಂತ. ನಿಮ್ಮ ಪೆಟ್ಟಿಗಿ ಅಗಲ ಇದ್ರ ಒಂದ ಸಣ್ಣ ಗುಂಪ ಆರಾಮ ಇರತಾವು. ಶಂಖದಾಗ ಮೂತಿ ಹಾಕಿ ಹುಳಾ ಎಳದ ತಿಂತಾವು.

ಶಿವಯೋಗೆಪ್ಪ: ಸಾಲಿ ಕಲತ ಮೀನ! ಇವೇ ಇರಲಿ.

ಗೌರಾಬಾಯಿ: ತಿಂದರೂ ಮಂದಿ ಮುಂದ ತಿನಬಾರದವಾ. ಆತೇನು?

ಸುರೈಯಾ: ಹಂಗೇ ಹೇಳಿ ಕಳಸ್ತೇನ್ರಿ. ಆದ್ರ ಒಂದ ಮಾತು. ಮೀನಿನ ಕೈಲೇ ಏನೂ ಆಗೂದಿಲ್ಲ, ನೀವ ಕೂಳ ಹೆಚ್ಚಿಗಿ ಹಾಕಿದ್ರ. ಉಳದ ಕೂಳ ತಿಂದೇ ಹುಳಾ ಹೆಚ್ಚೂದು. ಎಷ್ಟ ಹಾಕ್ತೀರಿ?

ಗೌರಾಬಾಯಿ: ಒಂದ ಚಿಟಿಕಿಯಷ್ಟವಾ. ಪೂಜಾ ಆದ ಮ್ಯಾಲ. ಮತ್ತ ಹತ್ರ ಹೋದಾಗೊಮ್ಮೆ ಬಾಯಿ ತೆರೀತಾವಲ್ಲ, ನೋಡಿ ಸುಮ್ನ ಹೋಗಾಕ ಮನಸ್ಸ ಬರೂದಿಲ್ಲ.

ಶಿವಯೋಗೆಪ್ಪ: ಸಿಕ್ಕಬಿದ್ದಿ! ನೋಡು ಸುರೈಯಾ, ಬೀದ್ಯಾಗಿನ ಆಕಳಿಗೂ ಹಿಂಗೇ ಮಾಡತಾಳ ಈಕಿ.

ಸುರೈಯಾ: ನೀವು ಹಾಕೂದಿಲ್ಲೇನ್ರಿ, ಕಾಕಾ?

ಶಿವಯೋಗೆಪ್ಪ: ನಾನ? ಅಂಗಡಿಂದ ಬಂದ ಚುರಮರಿ ತಿನ್ನೂ ಮುಂದ ಒಂದೀಟ...

ಗೌರಾಬಾಯಿ: ಚುರಮರಿ!

ಶಿವಯೋಗೆಪ್ಪ: ಮಸಾಲಿ ಹಚ್ಚಿದ್ದಲ್ಲ. ಸಾದಾ.

ಮನೆಗೆ ಬಂದು ಮೀನು ಬಿಟ್ಟದ್ದಾಯಿತು. ಬಂದ ಅತಿಥಿಗಳು ಗಿಡದ ಸಂದಿಯಲ್ಲಿ ಅಡಗಿ ಕೂತವು. ಮರುದಿನ ಮುಂಜಾನೆ ಗೌರಾಬಾಯಿ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದಳು, ಗಾಜಿನೊಳಗೆ ಇಣುಕಿದಳು. ಹೊಸ ಮೀನುಗಳು ಒಂದರ ಪಕ್ಕ ಒಂದು ಅಡ್ಡಬಿದ್ದಿದ್ದವು. ಹೊಟ್ಟೆ ಒಂದು ಕಡೆ, ಕಣ್ಣು ಒಂದು ಕಡೆ.

ಗೌರಾಬಾಯಿ: ಏನ್ರೀ! ಬರ್ರಿ ಲಗೂ! ಹೋದವ್ರಿ! ಒಂದೂ ಉಳದಿಲ್ಲ!

ಶಿವಯೋಗೆಪ್ಪ: ಬಸವಣ್ಣನ ಶಾಪ ಅಂತ ಮಾತ್ರ ಅನಬ್ಯಾಡ.

ಗೌರಾಬಾಯಿ: ಅನೂದಿಲ್ಲ. ನಿಮ್ಮ ಚುರಮರಿ ಶಾಪ ಇದು. ಹಚ್ಚಿ ಕೊಡ್ರಿ ಸುರೈಯಾಗ ಫೋನು.

ಫೋನು ಎತ್ತಿದ ಸುರೈಯಾ ನಿದ್ದೆಗಣ್ಣಿನಲ್ಲೇ ಮಾತಾಡಿದಳು.

ಸುರೈಯಾ: ಕಾಕೂ, ಗಾಜ ಹಗೂರಕ ಬಡೀರಿ.

ಗೌರಾಬಾಯಿ ಬೆರಳಿನಿಂದ ಟಕ್ ಎನ್ನಿಸಿದಳು. ಸತ್ತ ಮೀನುಗಳು ದಡಕ್ಕನೆ ಎದ್ದು ಒಂದು ಸುತ್ತು ಹೊಡೆದು ಮತ್ತೆ ಅದೇ ಜಾಗಕ್ಕೆ ಬಂದು ಅಡ್ಡಾದವು.

ಗೌರಾಬಾಯಿ: ಅಯ್ಯ! ಎದ್ದವ!

ಸುರೈಯಾ: ಹೊಟ್ಟಿ ತುಂಬಿದ್ರ ಹಂಗೇ ಮಗ್ಗಲಾಗಿ ಮಲಗತಾವ್ರಿ. ಅದ ಅವುಗಳ ಸ್ವಭಾವ.

ಗೌರಾಬಾಯಿ: ಗೊತ್ತಾತು ಬಿಡವಾ. ನನಗೇನ ಹೊಸಾದಲ್ಲ. ನಮ್ಮ ಮನ್ಯಾಗ ಇನ್ನೊಬ್ರೂ ಹಂಗೇ ಅದಾರ.

ಅಂದಿನಿಂದ ಮೀನಿನ ಕೂಳಿನ ಡಬ್ಬಿ ಗೌರಾಬಾಯಿಯ ಕಪಾಟು ಸೇರಿತು, ಚುರಮರಿ ಊಟದ ಮನೆ ದಾಟಿ ಬರಲಿಲ್ಲ. ದಿನ ಕಳೆದಂತೆ ಗಾಜು ತಿಳಿಯಾಯಿತು, ಗಿಡದ ಎಲೆ ಹಸಿರು ಕಂಡಿತು. ಮರಳಿನ ಮೇಲೆ ಖಾಲಿ ಶಂಖಗಳಷ್ಟೇ ಉಳಿದವು. ಅವನ್ನೂ ಗೌರಾಬಾಯಿ ಆರಿಸಿ ತೆಗೆದಳು, ಚಹಾಕ್ಕೆಂದು ತಂದ ಹೊಸ ಜಾಳಿಗೆಯಲ್ಲಿ ಅಲ್ಲ, ಹಳೆಯದರಲ್ಲಿ. ಪಾಪ ಹತ್ತುತ್ತದೋ ಏನೋ ಎಂಬ ಅಳುಕು ಒಂದು ಕ್ಷಣ ಬಂದುಹೋಯಿತು. ಆದರೆ ಮಗಳ ಕುಬಸದ ಸಡಗರದಲ್ಲಿ ಅದನ್ನು ಹಿಡಿದು ಕೂರಲು ಪುರಸೊತ್ತಿರಲಿಲ್ಲ.

ಕುಬಸದ ದಿನ ಪಡಸಾಲೆ ತುಂಬ ಇಳಕಲ್ ಸೀರೆಯ ಸರಭರ. ಹಸಿರು ಬಳೆ ತೊಟ್ಟ ನಂದಾ ನಡುವೆ ಕೂತಿದ್ದಳು. ಸಾವಂತ್ರವ್ವ ಸೊಸೆಗೆ ಉಡಿ ತುಂಬಿ, ಎದ್ದು ಸೀದಾ ಮೀನಿನ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಸೊಂಟದ ಮೇಲೆ ಕೈಯಿಟ್ಟು ಈ ತುದಿಯಿಂದ ಆ ತುದಿಗೆ ನೋಡಿದಳು. ಗೌರಾಬಾಯಿ ಹೊಗಳಿಕೆಗಾಗಿ ಕಾದು ನಿಂತಳು.

ಸಾವಂತ್ರವ್ವ: ಬೀಗತ್ಯಾರ, ಇದರಾಗಿನ ಹುಳಾ ಎಲ್ಲಿ?

ಗೌರಾಬಾಯಿ: ಹುಳಾ? ಯಾವ ಹುಳಾರಿ?

ಸಾವಂತ್ರವ್ವ: ಬಸವನ ಹುಳಾರಿ. ಗಿಡದ ಬುಡಕ ನಾನ ಕೈಯಾರೆ ಬಿಟ್ಟ ಕೊಟ್ಟಿದ್ನಲ್ಲ. ಗಾಜ ಸ್ವಚ್ಛ ಮಾಡತಾವು, ನೋಡಾಕ ಚಂದ, ಮ್ಯಾಲ ಬಸವಣ್ಣನ ಹೆಸರು. ಅಷ್ಟ ಪ್ರೀತಿಲೆ ಕೊಟ್ಟದ್ದು.

ಗೌರಾಬಾಯಿ, ಕೊಟ್ಟ ಸಾಮಾನು ಕೊಳಕಾಗಿಟ್ಟರು ಅನ್ನಿಸಿಕೊಳ್ಳಬಾರದೆಂದು ಒದ್ದಾಡಿದ್ದಳು. ಕೊಟ್ಟ ಸಾಮಾನನ್ನೇ ತಿನ್ನಿಸಿಬಿಟ್ಟಿದ್ದಳು! ಗಂಡನತ್ತ ನೋಡಿದಳು. ಶಿವಯೋಗೆಪ್ಪ ನೆರವಿಗೆ ಧಾವಿಸಿದ.

ಶಿವಯೋಗೆಪ್ಪ: ಅವು ತಿಕೋಟಾಕ ಹೋಗ್ಯಾವ್ರಿ.

ಸಾವಂತ್ರವ್ವ: ಹುಳಾ? ತಿಕೋಟಾಕ?

ಶಿವಯೋಗೆಪ್ಪ: ಹವಾ ಬದಲಿಗಿ. ತ್ವಾಟದ ಹೌದಿನ್ಯಾಗ ಬಿಟ್ಟೇವಿ.

ಗೌರಾಬಾಯಿ: ನೀವ ಸುಮ್ನಿರ್ರಿ.

ಸಾವಂತ್ರವ್ವ ಅಷ್ಟರಲ್ಲಿ ಮೂಗು ಗಾಜಿಗೆ ತಾಗಿಸಿ ಬಗ್ಗಿದ್ದಳು. ಲೋಚ್ ಮೀನೊಂದು ಕಲ್ಲಿನ ಪಕ್ಕ ಮಗ್ಗಲಾಗಿ ಒರಗಿ ಬಿದ್ದಿತ್ತು, ತುಂಬಿದ ಹೊಟ್ಟೆ ಹೊತ್ತು.

ಸಾವಂತ್ರವ್ವ: ಇವು ಹೊಸಾವಲ್ರಿ? ಏನ ದುಂಡಗ ಆಗ್ಯಾವ! ಏನ ತಿನಸ್ತೀರಿ?

ಮಗಳ ಕುಬಸದ ದಿನ, ದೀಪ ಹಚ್ಚಿಟ್ಟ ಮನೆಯಲ್ಲಿ ಸುಳ್ಳು ಹೇಳಲು ಗೌರಾಬಾಯಿಗೆ ನಾಲಗೆ ಏಳಲಿಲ್ಲ.

ಗೌರಾಬಾಯಿ: ನಾವೇನ ತಿನಿಸಿಲ್ರಿ ಬೀಗತ್ಯಾರ. ಎಲ್ಲಾ ನಿಮ್ಮ ಮನಿದೇ ಉಂಡು ಹಿಂಗಾಗ್ಯಾವು.

ಸಾವಂತ್ರವ್ವ ಮೀನು ನೋಡಿದಳು. ಗೌರಾಬಾಯಿಯ ಮುಖ ನೋಡಿದಳು. ಅರ್ಥವಾಯಿತು. ಹಿಂದೆ ಕೂತ ಹೆಣ್ಣುಮಕ್ಕಳಿಗೆ ಕೇಳಿಸದಂತೆ ಬೀಗತಿಯ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಸಾವಂತ್ರವ್ವ: ಅಂದ್ರ ಒಂದೂ ಉಳಿಸದಂಗ ತಿಂತಾವ?

ಗೌರಾಬಾಯಿ: ಒಂದೂ ಇಲ್ರಿ. ತಪ್ಪಾತ್ರಿ, ನಮಗ ಗೊತ್ತಿದ್ದಿಲ್ಲ...

ಸಾವಂತ್ರವ್ವ: ತಪ್ಪೇನ ಬಂತ್ರಿ! ಈ ಮೀನ ಎಲ್ಲಿ ಸಿಗತಾವ ಅದನ್ನ ಹೇಳ್ರಿ ಮೊದಲ. ಬಬಲೇಶ್ವರದಾಗ ನಮ್ಮ ಪೆಟ್ಟಿಗ್ಯಾಗ ಹುಳದ ಕಾಟ ತಾಳಲಾರದ್ದಕ್ಕ ನಾ ನಿಮಗ ಅಷ್ಟ ಪ್ರೀತಿಲೆ ಕೊಟ್ಟಿದ್ದು!