ಏಳು ತುಂಡುಗಳಲ್ಲಿ ಅತ್ತೆ ಮನೆ

ಅತ್ತೆಗೆ ತೊಂಬತ್ತು ತುಂಬಿದ ದಿನ ಸ್ಟುಡಿಯೋದವನನ್ನು ಕರೆಯುವುದು ಬೇಡ ಎಂದವನು ನಾನೇ. ಬಂದ್ಯೋಡಿನ ಅವರ ಮನೆಯಂಗಳದಲ್ಲಿ ನನ್ನ ಹೆಂಡತಿ ಲಿಲ್ಲಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಎಷ್ಟೋ ವರ್ಷಗಳ ನಂತರ ಒಟ್ಟಾಗಿದ್ದರು. ಒಂದು ಚಿತ್ರದಲ್ಲಿ ಹಿಡಿಸುವ ಜನವೇ ಅಲ್ಲ! ಎಡದಿಂದ ಬಲಕ್ಕೆ ಏಳು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿ, ಒಂದೇ ಉದ್ದನೆಯ ಪನೋರಮಾ ಮಾಡಿಕೊಡುವುದಾಗಿ ಘೋಷಿಸಿದೆ. ನಿವೃತ್ತ ಗಣಿತ ಮಾಸ್ತರನ ಮಾತೆಂದು ಎಲ್ಲರೂ ನಂಬಿದರು. ಪಾಪ!

ಫೈಲುಗಳ ಬಗ್ಗೆ ಎರಡು ವಾರ ಓದಿದ್ದೆ. ಜೆಪೆಗ್ ಎಂದರೆ ವಿವರಗಳನ್ನು ಒಂದಿಷ್ಟು ಎಸೆದು ಚಿಕ್ಕದಾಗುವ ಫೈಲು. ರಾ ಎಂದರೆ ಕ್ಯಾಮೆರಾ ಕಂಡದ್ದೆಲ್ಲ ಹಾಗೇ ಉಳಿಯುವ ದೊಡ್ಡ ಫೈಲು.

"ಎಲ್ಲ ರಾ! ಅತ್ತೆಯ ಮುಖದ ಒಂದು ಸುಕ್ಕೂ ಕಳೆದುಹೋಗಬಾರದು," ಎಂದೆ.

"ಹೋದ್ರೆ ಹೋಗ್ಲಿ ಮಾರಾಯ, ನಂಗೆಂತ ಬೇಜಾರಿಲ್ಲ," ಎಂದರು ಅತ್ತೆ.

ನಾಲ್ಕು ಚಿತ್ರವಾಗುವಷ್ಟರಲ್ಲಿ ಕ್ಯಾಮೆರಾದ ಕಾರ್ಡ್ ತುಂಬಿತು. ಅದರಲ್ಲಿ ಮೊದಲೇ ನಮ್ಮ ಅಂಗಳದ ದಾಸವಾಳಗಳು ಬಗೆಬಗೆಯಾಗಿ ಅರಳಿದ್ದವು.

ಕೋಟಿನೊಳಗೆ ಬೆವರುತ್ತಿದ್ದ ದೊಡ್ಡ ಭಾವ ವಿನ್ಸೆಂಟ್ ಕೇಳಿದರು: "ಎಂತ ಆಯ್ತು ಭಾವ?"

"ತಾಂತ್ರಿಕ ಹೊಂದಾಣಿಕೆ!" ಎಂದು ಎರಡು ದಾಸವಾಳ ಅಳಿಸಿ, ಉಳಿದ ಮೂರು ಚಿತ್ರಗಳನ್ನು ಜೆಪೆಗ್‌ನಲ್ಲಿ ತೆಗೆದೆ.

ಮನೆಗೆ ಬಂದು ಜೋಡಿಸಿದರೆ ಎಡಗಡೆ ಮಳೆಗಾಲ, ಬಲಗಡೆ ಸುಡುಬಿಸಿಲು.

"ಅಮ್ಮನ ಸೀರೆ ಅರ್ಧ ಬೂದಿ, ಅರ್ಧ ನೀಲಿ ಉಂಟಲ್ಲ!" ಎಂದಳು ಲಿಲ್ಲಿ.

ಮೂರು ದಿನ ಕೂತು ಬಣ್ಣ ಸರಿಮಾಡಿದೆ. ಕಣ್ಣು ಉರಿ, ಸೊಂಟ ನೋವು. ಭಾವಂದಿರು ಭಾನುವಾರ ಗಲ್ಫಿಗೆ ಹೊರಡುವವರು. ಎಲ್ಲರಿಗೂ ಪ್ರಿಂಟ್ ಬೇಕು. ಜೋಡಿಸಿದ ಚಿತ್ರವನ್ನು ಟಿಫ್ ಫೈಲಾಗಿ ಉಳಿಸಲು ಹೊರಟೆ. ಟಿಫ್ ಏನನ್ನೂ ಎಸೆಯುವುದಿಲ್ಲವಂತೆ. ಕಂಪ್ಯೂಟರ್ ಜಾಗವಿಲ್ಲ ಎಂದಿತು. ಜೋಡಿಸಿಯಾದ ಮೇಲೆ ತುಂಡುಗಳು ಯಾಕೆಂದು ನಾಲ್ಕೂ ರಾ ಫೈಲುಗಳನ್ನು ಅಳಿಸಿದೆ. ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಕ್ಯಾಮೆರಾದ ಕಾರ್ಡನ್ನು ಹಿಂದಿನ ದಿನವೇ ಎಲ್ಲ ಅಳಿಸಿ ತೊಳೆದಿಟ್ಟಿದ್ದೆ. ಅಚ್ಚುಕಟ್ಟು ನನ್ನ ಹುಟ್ಟುಗುಣ!

'ಉಳಿಸು' ಒತ್ತಿದೆ. ಹಸಿರು ಗೆರೆ ಬಸವನಹುಳದಂತೆ ಹೊರಟು ಅರ್ಧಕ್ಕೆ ಬಂತು.

ಕರೆಂಟ್ ಹೋಯಿತು.

ಮತ್ತೆ ಬಂದಾಗ ಟಿಫ್ ತೆರೆಯಲೇ ಇಲ್ಲ. ಉಳಿದದ್ದು ಮೂರು ಜೆಪೆಗ್. ಅವುಗಳಲ್ಲಿ ಬಲಗಡೆಯ ನೆಂಟರು, ವಿನ್ಸೆಂಟ್ ಭಾವನ ಕಾರು, ಮತ್ತು ಅತ್ತೆಯ ಎಡಗೈ.

ಲಿಲ್ಲಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಇನ್ನು ಎಲ್ರೂ ಒಟ್ಟಾಗುದು ಯಾವಾಗ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಅತ್ತೆಯ ಮುಂದೆ ತಪ್ಪೊಪ್ಪಿಕೊಳ್ಳಲು ಹೋದೆ. ಎಲ್ಲ ಕೇಳಿದ ಮೇಲೆ ಅವರು, "ಆಯ್ತು, ಮೊದ್ಲು ಚಾ ಕುಡಿ," ಎಂದರು. ಅಲ್ಲೇ ಕೂತಿದ್ದ ಪಕ್ಕದ ಮನೆಯ ಖದೀಜಾ ತಮ್ಮ ಫೋನ್ ಮುಂದೆ ಹಿಡಿದರು.

"ಅವತ್ತು ಗೇಟಿನ ಹತ್ರ ನಿಂತು ಸುಮ್ಮನೆ ಒಂದು ತೆಗ್ದದ್ದು ಮಾಷ್ಟ್ರೇ. ಆಗ್ತದಾ ನೋಡಿ."

ಎಲ್ಲರೂ ಇದ್ದರು! ನಡುವಿನ ಕುರ್ಚಿಯಲ್ಲಿ ಅತ್ತೆ, ಎರಡೂ ಕೈ, ಪೂರ್ತಿ ನೀಲಿ ಸೀರೆ. ಒಂದೇ ಒತ್ತು. ಜೆಪೆಗ್.

ಭಾವಂದಿರು ಅದರ ಪ್ರಿಂಟ್ ಹಿಡಿದೇ ವಿಮಾನ ಹತ್ತಿದರು. ನಮ್ಮ ಚಾವಡಿಯಲ್ಲೂ ಒಂದು ತೂಗುತ್ತಿದೆ. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ. ಮುಂದೆ ಒಬ್ಬ ಮನುಷ್ಯ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬಗ್ಗಿ, ನೋಡುವವರಿಗೆ ತನ್ನ ಹಿಂಭಾಗವನ್ನು ಮಾತ್ರ ದಯಪಾಲಿಸಿದ್ದಾನೆ.

"ಇದು ಯಾರು?" ಎಂದು ಬಂದವರು ಕೇಳುತ್ತಾರೆ.

"ನಮ್ಮ ಫೋಟೋಗ್ರಾಫರು," ಎನ್ನುತ್ತಾಳೆ ಲಿಲ್ಲಿ.

ನಾನು ಚಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಆದಷ್ಟು ಬೆನ್ನು ತೋರಿಸದೆ.